ಹಳೆಯ ಅಂಬಾಸಿಡರ್‌ಗೆ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸುವುದು ಹೇಗೆ?

ಮಾರ್ಕ್ 2 ಅಂಬಾಸಿಡರ್ ಕಾರನ್ನು ಇಂದಿಗೂ ಪ್ರೀತಿಯಿಂದ ಓಡಿಸುವವರಿಗೆ, ಎಂಜಿನ್ ಬಲದಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಮಿತಿ ಚೆನ್ನಾಗಿ ಗೊತ್ತಿರುತ್ತದೆ. ಮಳೆಗಾಲದ ರಾತ್ರಿ ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಸಾಗುವಾಗ ಹೆಡ್‌ಲೈಟ್ ಮಂಕಾಗುತ್ತದೆ, ವೈಪರ್ ಏದುಸಿರು ಬಿಡುತ್ತದೆ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕತೊಡಗುತ್ತದೆ. ಡೈನಮೋ ಸುಸ್ಥಿತಿಯಲ್ಲಿದ್ದರೂ ಇದು ತಪ್ಪಿದ್ದಲ್ಲ.

ಡೈನಮೋದಲ್ಲಿ ವಿದ್ಯುತ್ ಹುಟ್ಟುವುದು ತಿರುಗುವ ಆರ್ಮೇಚರ್‌ನಲ್ಲಿ. ಅಷ್ಟೂ ಕರೆಂಟು ಕಮ್ಯುಟೇಟರ್ (ಆರ್ಮೇಚರ್ ಜೊತೆ ತಿರುಗುವ ತಾಮ್ರದ ಪಟ್ಟಿಗಳ ಉಂಗುರ) ಮತ್ತು ಕಾರ್ಬನ್ ಬ್ರಷ್‌ಗಳ ಮೂಲಕವೇ ಹೊರಬರಬೇಕಾದ್ದರಿಂದ ಅದನ್ನು ಅತಿ ವೇಗವಾಗಿ ತಿರುಗಿಸುವಂತಿಲ್ಲ. ಹಾಗಾಗಿ ಅದನ್ನು ನಿಧಾನವಾಗಿ ತಿರುಗುವಂತೆಯೇ ಜೋಡಿಸಿರುತ್ತಾರೆ, ಎಂಜಿನ್ ನಿಧಾನವಾಗಿದ್ದಾಗ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ಆಲ್ಟರ್ನೇಟರ್‌ನಲ್ಲಿ ಕರೆಂಟು ಹುಟ್ಟುವುದು ಅಲುಗಾಡದ ಸುರುಳಿಯಲ್ಲಿ, ಬ್ರಷ್‌ಗಳ ಪಾಲಿಗೆ ಬರುವುದು ಒಳಗೆ ತಿರುಗುವ ರೋಟರ್‌ಗೆ ಬೇಕಾದ ಕೆಲವೇ ಆಂಪಿಯರ್. ಆದ್ದರಿಂದ ಚಿಕ್ಕ ಪುಲ್ಲಿ ಹಾಕಿ ಅದನ್ನು ವೇಗವಾಗಿ ತಿರುಗಿಸಬಹುದು, ಐಡ್ಲಿಂಗ್‌ನಲ್ಲಿಯೂ ಬ್ಯಾಟರಿ ಚಾರ್ಜ್ ಆಗುತ್ತದೆ. ಲೂಕಸ್ ಕಂಪನಿಯ ಸಿ40-1 ಡೈನಮೋ ಹೆಚ್ಚೆಂದರೆ 22 ಆಂಪಿಯರ್ ಕೊಟ್ಟರೆ, ಅದೇ ಕಂಪನಿಯ 17ಎಸಿಆರ್ ಆಲ್ಟರ್ನೇಟರ್ 36 ಆಂಪಿಯರ್ ಕೊಡುತ್ತದೆ. ಈ ಹಳೆಯ ವೈರಿಂಗ್‌ಗೆ 35ರಿಂದ 45 ಆಂಪಿಯರ್‌ನದು ಧಾರಾಳವಾಗಿ ಸಾಕು. ಅದಕ್ಕಿಂತ ದೊಡ್ಡದರ ಆಸೆಗೆ ಬೀಳಬೇಡಿ.

ಸ್ಪ್ಯಾನರ್ ಹಿಡಿಯುವ ಮುನ್ನ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ನೋಡಿ. ಅಂದಿನ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಸಾಮಾನ್ಯವಾಗಿತ್ತು, ಅಂಬಾಸಿಡರ್ ಕೂಡ ಮಾರಿಸ್ ಆಕ್ಸ್‌ಫರ್ಡ್‌ನ ಸಂತಾನವೇ. ನಿಮಗೆ ಸಿಗುವ ಆಲ್ಟರ್ನೇಟರ್ ಬಹುತೇಕ ನೆಗೆಟಿವ್ ಅರ್ಥ್‌ನದೇ ಆಗಿರುತ್ತದೆ, ತಿರುಗುಮುರುಗಾಗಿ ಜೋಡಿಸಿದರೆ, ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳು ಆ ಕ್ಷಣವೇ ಸುಡುತ್ತವೆ. ಕಾರು ಪಾಸಿಟಿವ್ ಅರ್ಥ್ ಆಗಿದ್ದರೆ ಬ್ಯಾಟರಿಯನ್ನು ತಿರುಗಿಸಿಟ್ಟು, ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ತಂತಿಗಳನ್ನೂ ಆಮೀಟರ್ ಇದ್ದರೆ ಅದರ ತಂತಿಗಳನ್ನೂ ಅದಲುಬದಲು ಮಾಡಬೇಕು. ಪಾಸಿಟಿವ್ ತುದಿ ನೆಗೆಟಿವ್‌ಗಿಂತ ತುಸು ದಪ್ಪವಾಗಿರುವುದರಿಂದ ಹಳೆಯ ಕ್ಲಾಂಪುಗಳು ಕೂರುವುದಿಲ್ಲ. ಸುತ್ತಿಗೆಯಿಂದ ಬಡಿದು ಕೂರಿಸದೆ ಹೊಸದನ್ನು ಹಾಕಿಸಿ. ಹಳೆಯ ರೇಡಿಯೊ ಇದ್ದರೆ ಅದನ್ನು ಪರೀಕ್ಷಿಸುವವರೆಗೂ ಬಿಚ್ಚಿಡುವುದು ಕ್ಷೇಮ.

ಈಗ ಬ್ಯಾಟರಿ ಸಂಪರ್ಕ ತೆಗೆದು ಡೈನಮೋ ಇಳಿಸಿ. ಡೈನಮೋ ಉದ್ದ, ಆಲ್ಟರ್ನೇಟರ್ ಗಿಡ್ಡ. ಆದ್ದರಿಂದ ಬೋಲ್ಟ್ ಹಾಕುವ ಮುಂದಿನ ಕಿವಿ ಸರಿಯಾಗಿ ಕೂತರೂ ಹಿಂದಿನ ಕಿವಿಗೂ ಎಂಜಿನ್‌ನ ಬ್ರಾಕೆಟ್‌ಗೂ ನಡುವೆ ಅಂತರ ಉಳಿಯುತ್ತದೆ. ಅದನ್ನು ಅಳೆದು, ಲೇತ್‌ನಲ್ಲಿ ಆ ಅಂತರ ತುಂಬುವ ಕಬ್ಬಿಣದ ಬುಷ್ (ಗಿಡ್ಡ ಕೊಳವೆ) ಮಾಡಿಸಿ. ಒಂದರ ಮೇಲೊಂದು ವಾಷರ್ ಪೇರಿಸಿದರೆ ಕೆಲವೇ ದಿನಗಳಲ್ಲಿ ಸಡಿಲವಾಗಿ ಕಿವಿಯೇ ಮುರಿಯಬಹುದು. ನಂತರ ಕ್ರ್ಯಾಂಕ್, ನೀರಿನ ಪಂಪ್ ಮತ್ತು ಆಲ್ಟರ್ನೇಟರ್ ಈ ಮೂರರ ಪುಲ್ಲಿಗಳ ಮೇಲೂ ನೇರವಾದ ಪಟ್ಟಿಯಿಟ್ಟು ಒಂದೇ ಸಾಲಿನಲ್ಲಿವೆಯೇ ಎಂದು ನೋಡಿ. ಒಂದೆರಡು ಮಿಲಿಮೀಟರ್ ಓರೆಯಾದರೂ ಬೆಲ್ಟ್ ಅಂಚು ಸವೆದು ಕಪ್ಪು ಪುಡಿ ಉದುರತೊಡಗುತ್ತದೆ. ಬೆಲ್ಟ್‌ನ ಅಗಲಕ್ಕೂ ಹೊಸ ಪುಲ್ಲಿಯ ತೋಡಿಗೂ ಹೊಂದಿಕೆಯಿರಲಿ. ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟ್ ಸುಮಾರು ಅರ್ಧ ಇಂಚು ಬಗ್ಗಿದರೆ ಬಿಗಿ ಸರಿಯಿದೆ.

ಮುಂದಿನದು ಮೆಕ್ಯಾನಿಕ್‌ಗಳು ಕಟೌಟ್ ಎಂದು ಕರೆಯುವ ಕಂಟ್ರೋಲ್ ಬಾಕ್ಸ್. ಆಲ್ಟರ್ನೇಟರ್‌ನೊಳಗೇ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಇದ್ದರೆ ಈ ಬಾಕ್ಸಿನ ಕೆಲಸ ಮುಗಿಯಿತು. ಲೂಕಸ್ ಆರ್‌ಬಿ106 ಬಾಕ್ಸ್‌ನಲ್ಲಿ ಎ, ಎ1, ಎಫ್, ಡಿ, ಇ ಎಂಬ ಐದು ಟರ್ಮಿನಲ್‌ಗಳಿರುತ್ತವೆ. ಎ ಮತ್ತು ಎ1ರ ತಂತಿಗಳನ್ನು ಒಟ್ಟಿಗೆ ಸೇರಿಸಿ, ಅಲ್ಲಿಂದ ಆಲ್ಟರ್ನೇಟರ್‌ನ ದಪ್ಪ ಟರ್ಮಿನಲ್‌ಗೆ ಕನಿಷ್ಠ 6 ಚದರ ಮಿಲಿಮೀಟರ್‌ನ ಹೊಸ ತಾಮ್ರದ ತಂತಿ ಎಳೆಯಿರಿ. ಡಿ ಟರ್ಮಿನಲ್‌ನಲ್ಲಿ ಒಂದು ದಪ್ಪ, ಒಂದು ತೆಳು ತಂತಿ ಇರುತ್ತವೆ. ಕೆಂಪು ದೀಪದಿಂದ ಬರುವ ತೆಳು ತಂತಿಯನ್ನು ಎಫ್‌ನ ತಂತಿಗೆ ಸೇರಿಸಿ, ಡೈನಮೋ ಕಡೆಯಿರುವ ಎಫ್ ತಂತಿಯ ಇನ್ನೊಂದು ತುದಿಯನ್ನು ಆಲ್ಟರ್ನೇಟರ್‌ನ ಸಣ್ಣ ಟರ್ಮಿನಲ್‌ಗೆ ಕೊಡಿ. ಡಿಯಿಂದ ಡೈನಮೋಗೆ ಹೋಗುತ್ತಿದ್ದ ದಪ್ಪ ತಂತಿಯ ಎರಡೂ ತುದಿಗಳಿಗೆ ಟೇಪು ಸುತ್ತಿ ಬಿಡಿ. ಐವತ್ತು ವರ್ಷಗಳಲ್ಲಿ ಎಷ್ಟೋ ಕೈಗಳು ಈ ವೈರಿಂಗ್ ಮುಟ್ಟಿರುತ್ತವೆ; ತಂತಿಯ ಬಣ್ಣವನ್ನು ನಂಬದೆ ಪ್ರತಿಯೊಂದನ್ನೂ ಮಲ್ಟಿಮೀಟರ್ ಹಿಡಿದು ಗುರುತಿಸಿ, ಚೀಟಿ ಕಟ್ಟಿ. ಖಾಲಿಯಾದ ಬಾಕ್ಸನ್ನು ಅದರ ಜಾಗದಲ್ಲೇ ಬಿಟ್ಟರೆ ಬಾನೆಟ್ ಎತ್ತಿದವರಿಗೆ ಕಾರಿನ ಮೂಲ ರೂಪವೇ ಕಾಣುತ್ತದೆ. ನನ್ನ ಮಟ್ಟಿಗೆ ಇದು ಮುಖ್ಯ.

ಆ ಕೆಂಪು ದೀಪವನ್ನು ಕಡೆಗಣಿಸಬಾರದು. ಆಲ್ಟರ್ನೇಟರ್‌ನ ರೋಟರ್‌ಗೆ ಮೊದಲ ಕರೆಂಟು ತಲುಪುವುದು ಆ ಪುಟ್ಟ ಬಲ್ಬಿನ ಮೂಲಕವೇ. ಬಲ್ಬು ಸುಟ್ಟಿದ್ದರೆ ಚಾರ್ಜಿಂಗ್ ಶುರುವಾಗದೆ ಹೋಗಬಹುದು. ಅದರ ಜಾಗಕ್ಕೆ ಎಲ್‌ಇಡಿ ಹಾಕಬೇಡಿ.

ಬ್ಯಾಟರಿ ಜೋಡಿಸಿ ಮಲ್ಟಿಮೀಟರ್‌ನಲ್ಲಿ ಅಳೆದರೆ 12.6 ವೋಲ್ಟ್‌ನ ಆಸುಪಾಸು ಇರಬೇಕು. ಕೀ ತಿರುಗಿಸಿದಾಗ ಕೆಂಪು ದೀಪ ಹೊತ್ತಿ, ಎಂಜಿನ್ ಚಾಲೂ ಆಗಿ ತುಸು ಆಕ್ಸಿಲರೇಟರ್ ಒತ್ತುತ್ತಲೇ ಆರಬೇಕು. ಆಗ ಮೀಟರ್ 13.8ರಿಂದ 14.4 ವೋಲ್ಟ್ ತೋರಿಸಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಕೂಡಲೇ ಎಂಜಿನ್ ನಿಲ್ಲಿಸಿ. ಚಾರ್ಜ್ ಆಗುತ್ತಿದೆಯೇ ಎಂದು ನೋಡಲು ಓಡುವ ಎಂಜಿನ್‌ನಲ್ಲಿ ಬ್ಯಾಟರಿ ತಂತಿ ಕಳಚುವ ಡೈನಮೋ ಕಾಲದ ರೂಢಿ ಇಲ್ಲಿ ಸಲ್ಲದು. ಆ ಒಂದು ಕ್ಷಣದ ವೋಲ್ಟೇಜ್ ಜಿಗಿತಕ್ಕೆ ಡಯೋಡ್‌ಗಳು ಹೋಗಿಬಿಡುತ್ತವೆ. ಹೆಡ್‌ಲೈಟ್, ವೈಪರ್ ಹಾಕಿಯೂ ಒಮ್ಮೆ ಅಳೆಯಿರಿ. ಹೊಸ ಬೆಲ್ಟ್ ಓಡಾಡಿದಂತೆ ಹಿಗ್ಗುವುದರಿಂದ, ಮೊದಲ ಇನ್ನೂರು ಕಿಲೋಮೀಟರ್ ಆದ ಮೇಲೆ ಬಾನೆಟ್ ಎತ್ತಿ ಇನ್ನೊಮ್ಮೆ ಬಿಗಿ ನೋಡಿ, ಹಿಂದಿನ ಬುಷ್‌ನ ಬೋಲ್ಟಿಗೂ ಸ್ಪ್ಯಾನರ್ ಹಾಕಿ.