ಎಂಎಸ್ ರೋಗಿಯ ಹಳೇ ಸ್ಕ್ಯಾನ್, ಹೊಸ ಸ್ಕ್ಯಾನ್: ಹೋಲಿಸುವುದು ಹೇಗೆ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ನರಗಳ ಮೇಲಿನ ಪೊರೆ ಕಳಚುವ ಕಾಯಿಲೆ) ಇರುವವರ ಮಿದುಳಿನ ಎಂಆರ್‌ಐಯಲ್ಲಿ ಬಿಳಿ ಕಲೆ ಎಷ್ಟಿವೆ ಅನ್ನುವುದಕ್ಕಿಂತ, ಹೋದ ಸಲಕ್ಕಿಂತ ಏನು ಬದಲಾಗಿದೆ ಅನ್ನುವುದೇ ಮುಖ್ಯ. ನಮ್ಮ ಕಡೆ ತೊಡಕಿರುವುದೂ ಅಲ್ಲೇ. ಮೊದಲ ಸ್ಕ್ಯಾನ್ ರಾಯಚೂರಿನಲ್ಲಿ, ಎರಡನೆಯದು ಹೈದರಾಬಾದಿನಲ್ಲಿ, ಮೂರನೆಯದಕ್ಕೆ ಬಳ್ಳಾರಿ. ಊರಿಗೊಂದು ಸೇರು ಇಟ್ಟುಕೊಂಡು ಜೋಳ ಅಳೆದ ಹಾಗೆ. 1.5 ಟೆಸ್ಲಾ (ಕಾಂತದ ಬಲದ ಅಳತೆ) ಯಂತ್ರದಲ್ಲಿ ಕಾಣದ ಸಣ್ಣ ಕಲೆ 3 ಟೆಸ್ಲಾದಲ್ಲಿ ಕಂಡರೆ ವರದಿಯಲ್ಲಿ ಅದು ‘ಹೊಸ ಕಲೆ’ ಆಗಿಬಿಡುತ್ತದೆ, ಅದನ್ನು ನಂಬಿ ಔಷಧಿಯೂ ಬದಲಾಗುತ್ತದೆ. ಆದಷ್ಟು ಒಂದೇ ಯಂತ್ರ, ಒಂದೇ ಸೆಟ್ಟಿಂಗ್ ಇರಲಿ. ಹಳೆಯ ಫಿಲ್ಮ್ ಬೆಳಕಿಗೆ ಹಿಡಿದು ಹೋಲಿಸಲು ಬರುವುದಿಲ್ಲ. ಡೈಕಾಮ್ (ಸ್ಕ್ಯಾನ್ ಚಿತ್ರಗಳ ಡಿಜಿಟಲ್ ರೂಪ) ಕಡತವಿರುವ ಸಿಡಿಯೇ ಬೇಕು. ಸಿಡಿ ಬರೆದುಕೊಟ್ಟರೆ ಸಾಲದು, ರೋಗಿ ಹೊರಡುವ ಮುಂಚೆ ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ.

ಯಂತ್ರದ ಕೋಣೆಗೆ ಬಿಡುವ ಮುಂಚೆ “ಮೈಯಲ್ಲಿ ಲೋಹ ಇದೆಯಾ?” ಎಂದು ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಸಂಡೂರಿನ ಗಣಿ, ತೋರಣಗಲ್ಲು, ಗಿಣಿಗೇರಾ ಕಡೆಯ ಕಾರ್ಖಾನೆಗಳಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಮಾಡಿದವರನ್ನು ಬೇರೆ ಥರ ಕೇಳಬೇಕು: “ಯಾವತ್ತಾದರೂ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕು ತೆಗೆಸಿದ್ದಿರಾ?” ಹೌದು ಅಂದರೆ ಮೊದಲು ಕಣ್ಣುಗೂಡಿನ ಎಕ್ಸ್‌ರೇ. ಉಳಿದ ಚೂರು ಕಾಂತಕ್ಕೆ ಸರಿದರೆ ದೃಷ್ಟಿಯೇ ಹೋಗಬಹುದು. ಕಾಲುಂಗುರ, ತಾಳಿ, ಜೀನ್ಸ್ ಎಲ್ಲ ಹೊರಗೆ.

ಚಿತ್ರಗಳಲ್ಲಿ ಮುಖ್ಯವಾದದ್ದು 3ಡಿ ಫ್ಲೇರ್ (ಕಲೆಗಳನ್ನು ಬೆಳ್ಳಗೆ ಎತ್ತಿ ತೋರಿಸುವ ಎಂಆರ್‌ಐ ಚಿತ್ರ), 1 ಮಿ.ಮೀ. ಅಳತೆಯಲ್ಲಿ. 2ಡಿ ಮಾತ್ರ ಸಾಧ್ಯವಾದರೆ ಪದರ 3 ಮಿ.ಮೀ. ಮೀರಬಾರದು, ನಡುವೆ ಗ್ಯಾಪ್ ಬೇಡ. ಪಾರ್ಶ್ವವಾಯುವಿಗೆಂದು ಇಟ್ಟ 5 ಮಿ.ಮೀ. ಸೆಟ್ಟಿಂಗನ್ನೇ ಇದಕ್ಕೂ ಓಡಿಸುವ ಅಭ್ಯಾಸ ಹಲವೆಡೆ ಇದೆ. ಎಂಎಸ್ ಕಲೆ ಎಂದು ಲೆಕ್ಕಕ್ಕೆ ಹಿಡಿಯುವುದೇ 3 ಮಿ.ಮೀ.ನಿಂದ, ಅಷ್ಟು ಸಣ್ಣದು ಗ್ಯಾಪಿನೊಳಗೆ ಮಾಯವಾಗುತ್ತದೆ. 2ಡಿ ಪದರಗಳನ್ನು ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ನರಸೇತುವೆಯಾದ ಕಾರ್ಪಸ್ ಕ್ಯಾಲೋಸಮ್‌ನ ಮುಂದಿನ ಮತ್ತು ಹಿಂದಿನ ತುದಿಗಳ ಕೆಳಅಂಚನ್ನು ಸೇರಿಸುವ ಗೆರೆಗೆ ಸಮಾನಾಂತರವಾಗಿ ಇಡಿ, ಪ್ರತಿ ಸಲವೂ. ತಲೆ ಕೊಂಚ ವಾಲಿದರೆ ಪದರ ಕಲೆಯ ನಡುವಿನ ಬದಲು ಅಂಚಿನಲ್ಲಿ ಹಾಯುತ್ತದೆ, ಇದ್ದ ಕಲೆ ಕುಗ್ಗಿದಂತೆ ಕಾಣುತ್ತದೆ.

ಉರಿಯೂತವಿರುವ ಕಲೆ ಚಿತ್ರದಲ್ಲಿ ಹೊಳೆಯಲೆಂದು ರಕ್ತನಾಳಕ್ಕೆ ಚುಚ್ಚುವ ಗ್ಯಾಡೊಲಿನಿಯಂ ಪ್ರಮಾಣ ಕಿಲೋ ತೂಕಕ್ಕೆ 0.1 ಮಿಲಿಮೋಲ್. ಮಿ.ಲೀ.ಗೆ 0.5 ಮಿಲಿಮೋಲ್ ಇರುವ ಔಷಧಿಯಾದರೆ 60 ಕಿಲೋದವರಿಗೆ 12 ಮಿ.ಲೀ.; 1 ಮಿಲಿಮೋಲ್ ಇರುವುದಾದರೆ ಬರೀ 6. ಬಾಟಲಿ ಬದಲಾದ ದಿನವೇ ಎರಡರಷ್ಟು ಹೋಗಿಬಿಡುವುದು, ಲೇಬಲ್ ಓದಿ. ಮೂತ್ರಪಿಂಡದ ತೊಂದರೆ ಇದ್ದರೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಪರೀಕ್ಷೆ) ನೋಡದೆ ಕೊಡಬೇಡಿ. ಚುಚ್ಚಿದ ಮೇಲೆ ಕನಿಷ್ಠ 5 ನಿಮಿಷ ಕಾಯಬೇಕು. ಆ ಹೊತ್ತಿನಲ್ಲಿ ಟಿ2 (ಇನ್ನೊಂದು ಬಗೆಯ ಎಂಆರ್‌ಐ ಚಿತ್ರ) ತೆಗೆದುಕೊಂಡರೆ ಸಮಯವೂ ಉಳಿಯುತ್ತದೆ. ಆತುರಪಟ್ಟರೆ ಉರಿಯೂತವಿರುವ ಕಲೆಯೂ ಹೊಳೆಯುವುದಿಲ್ಲ. ಸ್ಟೆರಾಯ್ಡ್ ಶುರುವಾಗಿದ್ದರೂ ಹೊಳಪು ಅಡಗುತ್ತದೆ, ಆದ್ದರಿಂದ ಅದು ಶುರುವಾದ ದಿನಾಂಕ ಚೀಟಿಯಲ್ಲಿರಲಿ. ಒಳ್ಳೆಯ ಹಳೇ ಸ್ಕ್ಯಾನ್ ಕೈಯಲ್ಲಿದ್ದರೆ ಪ್ರತಿ ವರ್ಷ ಚುಚ್ಚಲೇಬೇಕೆಂದೇನಿಲ್ಲ.

ಎಂಎಸ್‌ನ ಔಷಧಿ ಶುರುವಾಗಿ 3ರಿಂದ 6 ತಿಂಗಳಿಗೆ ತೆಗೆದ ಸ್ಕ್ಯಾನನ್ನು ಹೊಸ ಆಧಾರವಾಗಿ ಇಟ್ಟುಕೊಳ್ಳಿ. ಔಷಧಿ ಹಿಡಿಯುವ ಮುಂಚೆಯೇ ಬಂದ ಕಲೆಗಳನ್ನು ಅದರ ಸೋಲು ಎಂದು ಎಣಿಸುವ ತಪ್ಪು ಆಗ ಆಗುವುದಿಲ್ಲ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ.

ಓದುವಾಗ ಎರಡೂ ಸ್ಕ್ಯಾನ್ ಪಕ್ಕಪಕ್ಕ ತೆರೆದು ಪದರಕ್ಕೆ ಪದರ ಜೋಡಿಸಿ ಸರಿಸಿ. ಮಿದುಳಿನ ಕುಹರಗಳ ಸುತ್ತ, ತೊಗಟೆಯ ಅಂಚು, ಮಿದುಳುಕಾಂಡ, ಕಿರುಮಿದುಳು, ಬೆನ್ನುಹುರಿ: ಕಣ್ಣು ಹೋಗಬೇಕಾದ ಜಾಗಗಳಿವು. ಬಿಪಿ, ಸಕ್ಕರೆ ಕಾಯಿಲೆ, ಮೈಗ್ರೇನ್ ಇದ್ದವರಲ್ಲೂ ಬಿಳಿ ಚುಕ್ಕೆಗಳಿರುತ್ತವೆ. ಉಂಗುರದಂತೆ ಹೊಳೆದರೆ ಕ್ಷಯ, ಲಾಡಿಹುಳುವಿನ ಗಂಟು ಎರಡನ್ನೂ ನೆನೆಯಿರಿ. ಎಂಎಸ್‌ನ ಉಂಗುರ ಅನೇಕ ಸಲ ತೊಗಟೆಯ ಕಡೆ ಬಾಯಿ ತೆರೆದಿರುತ್ತದೆ. ವರದಿಯಲ್ಲಿ “ಕಲೆಗಳು ಹಾಗೇ ಇವೆ” ಎಂದು ಮುಗಿಸದೆ, ಯಾವ ದಿನಾಂಕದ, ಎಷ್ಟು ಟೆಸ್ಲಾದ ಸ್ಕ್ಯಾನಿಗೆ ಹೋಲಿಸಿದಿರಿ, ಹೊಸವೆಷ್ಟು, ಬೆಳೆದವೆಷ್ಟು, ಹೊಳೆಯುವವೆಷ್ಟು ಎಂದು ಬರೆಯಿರಿ.

ಮೇ ತಿಂಗಳಲ್ಲಿ ರಾಯಚೂರು 40 ಡಿಗ್ರಿ ದಾಟಿದಾಗ “ಮತ್ತೆ ಕಣ್ಣು ಮಂಜಾಯಿತು” ಎಂದು ಬರುವವರಿದ್ದಾರೆ. ಪೊರೆ ಕಳಚಿದ ನರದಲ್ಲಿ ಬಿಸಿ ಏರಿದರೆ ಸಂದೇಶ ತಡವರಿಸುತ್ತದೆ, ತಂಪಾದರೆ ಸರಿಹೋಗುತ್ತದೆ. ಇದಕ್ಕೆ ಉಥಾಫ್ ಪರಿಣಾಮ ಅನ್ನುತ್ತಾರೆ. ಇದು ಹೊಸ ಕಲೆಯ ಲಕ್ಷಣವಲ್ಲ. ಜ್ವರವಾಗಲಿ ಸೋಂಕಾಗಲಿ ಇಲ್ಲದೆ 24 ಗಂಟೆ ಮೀರಿ ಉಳಿದರೆ ಮಾತ್ರ ಮರುಕಳಿಕೆ ಎಂದು ಶಂಕಿಸಿ.

ಇನ್ನು ಮಿದುಳಿನ ಕುಗ್ಗುವಿಕೆ. ಎಂಎಸ್‌ನಲ್ಲಿ ಅದು ಸುಮಾರಾಗಿ ವರ್ಷಕ್ಕೆ ಶೇ. 0.5ರಿಂದ 1ರಷ್ಟು. ಸಾಫ್ಟ್‌ವೇರ್ ಅದನ್ನು ಅಳೆದುಕೊಡುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ಕುಷ್ಟಗಿಯಿಂದ ಬಸ್ಸು ಹಿಡಿದು, ದಾರಿಯಲ್ಲಿ ಎಲ್ಲಿ ಇಳಿಯುವುದೆಂದು ನೀರೇ ಕುಡಿಯದೆ ಬಂದವರ ಮಿದುಳು ಬರೀ ದಾಹಕ್ಕೇ ಹೆಚ್ಚುಕಡಿಮೆ ಅಷ್ಟೇ ಕುಗ್ಗಿ ಕಾಣಬಹುದು. ಉರಿಯೂತ ಇಳಿಸುವ ಔಷಧಿ ಹಿಡಿದ ಮೊದಲ ವರ್ಷದಲ್ಲೂ ಊತ ಇಳಿದು ಗಾತ್ರ ತಗ್ಗುತ್ತದೆ. ಹಾಗಾಗಿ ಒಬ್ಬ ರೋಗಿಯ ಎರಡೇ ಸ್ಕ್ಯಾನಿನಿಂದ ಶೇಕಡಾವಾರು ಕುಗ್ಗುವಿಕೆ ಬರೆಯಲು ಹೋಗಬೇಡಿ. ಬಂದವರಿಗೆ ಮೊದಲು ನೀರು ಕೊಟ್ಟು ಸ್ವಲ್ಪ ಹೊತ್ತು ಕೂರಿಸಿ.