ಮಂಡಕ್ಕಿ ಬಟ್ಟಿಯಲ್ಲಿ ಸಿಕ್ಕ ಇಂಗ್ಲಿಷ್

ದಾವಣಗೆರೆಯ ಹಳೇ ಊರಿನ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕನ್ನಡ ಮಾಧ್ಯಮದ ಶಾಲೆ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾದಾಗ ಆ ಪಟ್ಟಿಯಲ್ಲಿ ನಮ್ಮ ಶಾಲೆ ಇರಲಿಲ್ಲ. ಆಮೇಲೆ ಪ್ರತಿ ಜೂನ್ ಬಂದರೆ ಆಫೀಸ್ ರೂಮಿನ ಬಾಗಿಲಲ್ಲಿ ಒಂದೇ ಮಾತು: "ಟಿಸಿ ಕೊಡ್ರಿ ಮೇಡಂ, ಕಾನ್ವೆಂಟಿಗೆ ಹಾಕ್ತೀವಿ." ಉಳಿದ ಮಕ್ಕಳಿಗಾದರೂ ಏನಾದರೂ ಮಾಡೋಣ, ಇಂಗ್ಲಿಷ್ ಕೇಳಿದರೆ ಹುರುಪು ಬಂದೀತು ಎಂದು ವಾರದಲ್ಲಿ ಎರಡು ಪಿರಿಯಡ್ ವಿಜ್ಞಾನವನ್ನು ಇಂಗ್ಲಿಷ್‌ನಲ್ಲೇ ಮಾಡಲು ಹೊರಟೆ. ಮುಖ್ಯ ಶಿಕ್ಷಕರು ಬೇಡ ಅನ್ನಲಿಲ್ಲ. "ಮಾಡ್ರಿ, ಸಿಲಬಸ್ ಮಾತ್ರ ಹಿಂದೆ ಬೀಳಬಾರದು" ಅಂದರು.

ಮೊದಲ ವರ್ಷ ಪೂರ್ತಿ ಕೆಟ್ಟಿತು. ರಾತ್ರಿ ಕೂತು ಬರೆದುಕೊಂಡು, ಕನ್ನಡಿ ಮುಂದೆ ಹೇಳಿಕೊಂಡು ಹೋಗುತ್ತಿದ್ದೆ. ಒಂದು ವಾರ ಮಕ್ಕಳ ಕಣ್ಣು ಮಿನುಗಿದವು, ನಿಜ. ಎರಡನೇ ವಾರಕ್ಕೆ ಎಲ್ಲರೂ ನೋಟ್ಸ್ ಬರೆಯುವ ಯಂತ್ರಗಳಾದರು. ಬೋರ್ಡಿನ ಮೇಲಿದ್ದದ್ದು ಮುತ್ತಿನಂಥ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಯುತ್ತಿತ್ತು, ತಲೆಗೆ ಇಳಿಯುತ್ತಿರಲಿಲ್ಲ. ಕನ್ನಡದ ಪಿರಿಯಡ್ಡಿನಲ್ಲಿ "ಯಾಕೆ ಮೇಡಂ?" ಎಂದು ಪ್ರಾಣ ತಿನ್ನುತ್ತಿದ್ದ ಹುಡುಗಿಯೊಬ್ಬಳು ಇಂಗ್ಲಿಷ್ ಪಿರಿಯಡ್ಡಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದಳು. ಹುರುಪು ತರಲು ಹೋಗಿ ಇದ್ದದ್ದನ್ನೂ ಕಳೆದಿದ್ದೆ.

ಬೇಸಿಗೆ ರಜೆಯಲ್ಲಿ ಓದಿದಾಗ ತಿಳಿಯಿತು, ಇದಕ್ಕೆ ಹೊರಗೆ ಒಂದು ಹೆಸರೇ ಇದೆ. ವಿಷಯ ಮತ್ತು ಭಾಷೆಯನ್ನು ಜೋಡಿಸಿ ಕಲಿಸುವ ಈ ಪದ್ಧತಿಗೆ 1994ರಲ್ಲಿ ಡೇವಿಡ್ ಮಾರ್ಷ್ ಎಂಬ ಶಿಕ್ಷಣ ತಜ್ಞರು 'ಕ್ಲಿಲ್' ಎಂಬ ಹೆಸರಿಟ್ಟರು. ಅದಕ್ಕೂ ಮೊದಲು, 1965ರಲ್ಲಿ, ಕೆನಡಾದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಗಳ ಮಕ್ಕಳಿಗೆ ಫ್ರೆಂಚ್‌ನಲ್ಲೇ ಪಾಠ ಶುರು ಮಾಡಿದ್ದರು. ಅಲ್ಲಿಯ ಕಥೆ ನಮಗೆ ಹಾಗೇ ಒಗ್ಗುವುದಿಲ್ಲ. ಆ ಮಕ್ಕಳ ಮನೆಮಾತಿಗೆ ಹೊರಗೆ ಬೆಲೆಯಿತ್ತು, ಕಲಿಸುವವರಿಗೆ ಫ್ರೆಂಚ್ ನೀರು ಕುಡಿದಂತೆ ಬರುತ್ತಿತ್ತು. ನನ್ನ ಇಂಗ್ಲಿಷ್ ಡಿಎಡ್ ಓದುವಾಗ ಎಷ್ಟಿತ್ತೋ ಅಷ್ಟೇ. ಇದೇ ಪದ್ಧತಿಯ ಬಗ್ಗೆ ಬರೆದ ಡೋ ಕಾಯ್ಲ್ ಎಂಬ ಶಿಕ್ಷಣ ತಜ್ಞೆಯ ಒಂದು ವಿಂಗಡಣೆ ಮಾತ್ರ ಉಪಯೋಗಕ್ಕೆ ಬಂತು. ಪಾಠದ ಪದಗಳು ಬೇರೆ, ಪಾಠದ ಬಗ್ಗೆ ಮಾತಾಡಲು, ಕೇಳಲು, ಒಪ್ಪದಿರಲು ಬೇಕಾದ ಭಾಷೆ ಬೇರೆ, ಕಲಿಯುತ್ತಾ ತಾನಾಗಿ ಹುಟ್ಟುವ ಭಾಷೆ ಮತ್ತೊಂದು. ನಾನು ಮೊದಲನೆಯದನ್ನಷ್ಟೇ ಕೊಟ್ಟು ಮಕ್ಕಳು ಮಾತಾಡಲಿಲ್ಲ ಎಂದು ಸಿಟ್ಟಾಗಿದ್ದೆ.

ಆದರೆ ನಿಜವಾಗಿ ಕಣ್ಣು ತೆರೆಸಿದ್ದು ಕೊನೇ ಬೆಂಚಿನ ಹುಡುಗ. ನಮ್ಮ ತರಗತಿಯಲ್ಲಿ ಅರ್ಧದಷ್ಟು ಮಕ್ಕಳ ಮನೆಮಾತು ಉರ್ದು, ಇಬ್ಬರದು ಲಂಬಾಣಿ. ಅಂದರೆ ಅವರಿಗೆ ಕನ್ನಡ ಮಾಧ್ಯಮವೇ ಬೇರೆ ಭಾಷೆಯ ಮಾಧ್ಯಮ! ನಾನು ಹೊಸದೆಂದು ಹೊರಟಿದ್ದನ್ನು ಅವರು ಆರು ವರ್ಷದಿಂದ ಮಾಡುತ್ತಿದ್ದರು. ಒಂದು ದಿನ ಅವನನ್ನೇ ಕೇಳಿದೆ.

"ಒಂದನೇ ಕ್ಲಾಸಿಗೆ ಬಂದಾಗ ನಿಂಗೆ ಕನ್ನಡ ಬರ್ತಿತ್ತೇನೋ?"

"ಇಲ್ಲ ಮೇಡಂ."

"ಮತ್ತೆ ಪಾಠ ಹೆಂಗ್ ತಿಳೀತಿತ್ತು?"

"ಟೀಚರ್ ಕೈ ನೋಡ್ತಿದ್ದೆ. ಅವ್ರು ಏನ್ ಹಿಡ್ಕಂತಾರೋ ಅದ್ರ ಹೆಸ್ರು ಹೇಳ್ತಾರಲ್ಲ." ಸ್ವಲ್ಪ ತಡೆದು ಸೇರಿಸಿದ: "ತಪ್ ಹೇಳಿದ್ರೆ ಎಲ್ರೂ ನಗ್ತಿದ್ರು. ಆಮ್ಯಾಕೆ ಒಂದ್ ವಾರ ಮಾತಾಡ್ತಿರ್ಲಿಲ್ಲ."

ಕೈಯಲ್ಲಿ ವಸ್ತು ಇರಬೇಕು, ತಪ್ಪಿಗೆ ನಗು ಇರಬಾರದು. ಮುಂದಿನ ವರ್ಷ ಇವೆರಡನ್ನೇ ಹಿಡಿದುಕೊಂಡೆ.

ಏಳನೇ ಕ್ಲಾಸಿನ ಉಷ್ಣದ ಪಾಠ ಬಂತು. ಆ ಹುಡುಗನ ತಂದೆ ಮಂಡಕ್ಕಿ ಬಟ್ಟಿಯಲ್ಲಿ ಕೆಲಸ ಮಾಡುವವರು. ಈ ಊರಲ್ಲಿ ಮಂಡಕ್ಕಿ, ಮಿರ್ಚಿ ಇಲ್ಲದೆ ಸಂಜೆಯಾಗುವುದಿಲ್ಲ, ಆದರೆ ಬಟ್ಟಿಯ ಒಳಗೆ ಹೋಗಿ ನೋಡಿದ್ದು ನಾನೂ ಆವತ್ತೇ ಮೊದಲು. ಹೊಗೆ, ಝಳ, ದೊಡ್ಡ ಬಾಣಲೆಯಲ್ಲಿ ಕಾದ ಮರಳು. ಉಪ್ಪುನೀರು ಹಚ್ಚಿ ಒಣಗಿಸಿದ ಅಕ್ಕಿ ಅದರೊಳಗೆ ಬಿದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ, ಜರಡಿಗೆ ಬರುತ್ತಿತ್ತು. ಹತ್ತು ನಿಮಿಷ ನಿಲ್ಲುವುದರೊಳಗೆ ನನ್ನ ಸೀರೆ ಬೆವರಿಗೆ ಅಂಟಿತ್ತು. ಅಲ್ಲಿ ದಿನವಿಡೀ ನಿಲ್ಲುವವರ ಮಕ್ಕಳಿಗೆ ನಾನು 'ಉಷ್ಣ' ಎಂದರೇನು ಎಂದು ವ್ಯಾಖ್ಯೆ ಬರೆಸುತ್ತಿದ್ದೆ.

ಒಂದು ಹಿಡಿ ಮಂಡಕ್ಕಿ ಅಕ್ಕಿ ಅವನೇ ತಂದ. ಬಿಸಿಯೂಟದ ಅಕ್ಕನವರ ಹತ್ತಿರ ಬಾಣಲೆ ಬೇಡಿಕೊಂಡೆ, ಮರಳನ್ನು ತೊಳೆದು ಒಣಗಿಸಿದ್ದೆ. ಮಕ್ಕಳನ್ನು ನಾಲ್ಕಡಿ ದೂರ ನಿಲ್ಲಿಸಿ, ಒಲೆಯ ಹತ್ತಿರ ನಾನೊಬ್ಬಳೇ. ಮೊದಲು ಸಾದಾ ಅಕ್ಕಿ ಹಾಕಿದೆ. ಕೆಂಪಗಾಗಿ ಸೀದುಹೋಯಿತು. ಆಮೇಲೆ ಅವನು ತಂದದ್ದು. ಚಟಪಟ ಅರಳಿತು. ಯಾಕೆ?

ಇಲ್ಲಿ ಒಂದು ನಿಯಮ ಮಾಡಿದ್ದೆ. ವಾದ ಯಾವ ಭಾಷೆಯಲ್ಲಾದರೂ ಮಾಡಿ, ಕನ್ನಡ, ಉರ್ದು, ಲಂಬಾಣಿ. ಕೊನೆಗೆ ಗುಂಪಿಗೆ ಎರಡು ವಾಕ್ಯ ಮಾತ್ರ ಇಂಗ್ಲಿಷ್‌ನಲ್ಲಿ ಬರಬೇಕು. ಅದಕ್ಕೆ ಬೇಕಾದ ಮೆಟ್ಟಿಲು ಬೋರ್ಡಿನ ಮೇಲಿತ್ತು: 'ಫಸ್ಟ್', 'ದೆನ್', 'ಬಿಕಾಸ್', 'ಇಫ್... ವಿಲ್ ನಾಟ್...'. ಮಕ್ಕಳು ಜಗಳಕ್ಕೇ ಬಿದ್ದರು. ಉಪ್ಪಿನಿಂದ ಅರಳಿತು ಎಂದು ಒಂದು ಗುಂಪು, ಅಕ್ಕಿ ಜಾತಿಯೇ ಬೇರೆ ಎಂದು ಇನ್ನೊಂದು. ಮಂಡಕ್ಕಿಯ ಅಕ್ಕಿಯನ್ನು ಭತ್ತವಿದ್ದಾಗಲೇ ಬೇಯಿಸಿರುತ್ತಾರೆ ಎಂದು ಬಟ್ಟಿಯ ಹುಡುಗ ಹೇಳಿದ ಮೇಲೆ ದಾರಿ ಸಿಕ್ಕಿತು. ಬೇಯಿಸಿ ಒಣಗಿಸಿದಾಗ ಪಿಷ್ಟ ಬದಲಾಗಿರುತ್ತದೆ. ಬಿಸಿ ತಗಲಿದಾಗ ಅದು ಮೆತ್ತಗಾಗಿ ಹಿಗ್ಗುತ್ತದೆ, ಒಳಗೆ ಉಳಿದ ಚೂರು ನೀರು ಒಮ್ಮೆಲೇ ಆವಿಯಾಗಿ ತಳ್ಳುತ್ತದೆ. ಒಂದು ಮಿಲಿಲೀಟರ್ ನೀರು ಆವಿಯಾದರೆ ಸಾವಿರದಾರುನೂರು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ ಎಂದಾಗ ಮಕ್ಕಳು ಬಾಯಿ ತೆರೆದರು. ಮರಳು ಯಾಕೆ ಬೇಕು ಎಂಬ ಪ್ರಶ್ನೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಹುಡುಗಿಯದು. ಬರೀ ಬಾಣಲೆಯಾದರೆ ಕಾಳಿನ ತಳಕ್ಕಷ್ಟೇ ಬಿಸಿ, ಮರಳಾದರೆ ಸುತ್ತಲೂ. ಅಲ್ಲಿಗೆ ಬಿಸಿ ಸಾಗುವ ಮೂರು ದಾರಿಗಳಲ್ಲಿ ಮೊದಲನೆಯದು, ವಹನ, ಬಂತು. ಒಲೆಯೆದುರು ಮುಖ ಸುಡುವುದರಲ್ಲಿ ವಿಕಿರಣ, ಮೇಲೇರುವ ಹೊಗೆಯಲ್ಲಿ ಸಂವಹನ. ಹಾಗೆ ನೋಡಿದರೆ ಮಕ್ಕಳಿಗೆ 'ಸಂವಹನ'ವೂ ಅಷ್ಟೇ, 'ಕನ್ವೆಕ್ಷನ್' ಕೂಡ ಅಷ್ಟೇ. ಎರಡೂ ಮನೆಯಲ್ಲಿ ಕೇಳಿದ ಮಾತಲ್ಲ.

ಒಂದು ಗುಂಪು ಬರೆದದ್ದು: 'ರೈಸ್ ಈಸ್ ಬಿಕಮ್ ಬಿಗ್ ಬಿಕಾಸ್ ವಾಟರ್ ಇನ್‌ಸೈಡ್ ಗೋ ಸ್ಟೀಮ್.' ವ್ಯಾಕರಣ ಸೊನ್ನೆ, ವಿಜ್ಞಾನ ನೂರಕ್ಕೆ ನೂರು. ಟಿಕ್ ಹಾಕಿ, ಕೆಳಗೆ ಸರಿಯಾದ ವಾಕ್ಯ ಬರೆದುಕೊಟ್ಟೆ. ಕೆಂಪು ಇಂಕಿನಲ್ಲಿ ಸುತ್ತು ಹಾಕುವುದನ್ನು ಈ ಎರಡು ಪಿರಿಯಡ್ಡಿನಲ್ಲಿ ಬಿಟ್ಟಿದ್ದೇನೆ. ಪರೀಕ್ಷೆಯಲ್ಲೂ ಉತ್ತರ ಯಾವ ಭಾಷೆಯಲ್ಲಿದ್ದರೂ ಅಂಕ ಅಷ್ಟೇ.

ಆವತ್ತು ಜರಡಿಗೆ ನಾನು 'ಸೀವ್' ಎಂದಿದ್ದೆ. ಮಾರನೇ ದಿನ ಪ್ರಾರ್ಥನೆ ಮುಗಿಯುವ ಮುಂಚೆಯೇ ಇಬ್ಬರು ಹುಡುಗಿಯರು ಓಡಿ ಬಂದರು. "ಮೇಡಂ, ಅಣ್ಣನ ಮೊಬೈಲ್‌ನಾಗೆ ಕೇಳಿದ್ವಿ, ಅದು ಸಿವ್ ಅಂತೆ!" ಒಂದು ಕ್ಷಣ ಮುಖ ಬಿಸಿಯಾಯಿತು. ಬೋರ್ಡಿನ ಮೇಲೆ ಅವರ ಕೈಯಲ್ಲೇ ತಿದ್ದಿಸಿದೆ. ಅಂದಿನಿಂದ ನನ್ನ ತಪ್ಪು ಹುಡುಕುವುದು ಅವರಿಗೊಂದು ಆಟ. ಹುಡುಕಬೇಕಾದರೆ ಕಿವಿಗೊಟ್ಟು ಕೇಳಬೇಕಲ್ಲ! ನಾನು ಸುಲಭದ ಬೇಟೆ ಎಂಬುದೂ ಅವರಿಗೆ ಗೊತ್ತು.

ಒಮ್ಮೆ ಶಾಲೆ ನೋಡಲು ಬಂದವರೊಬ್ಬರು ಬಾಗಿಲಲ್ಲಿ ನಿಂತು, "ಇಂಗ್ಲಿಷ್ ಪಿರಿಯಡ್ ಅಂತೀರಿ, ಬರೀ ಕನ್ನಡ ಕೇಳಿಸ್ತದಲ್ಲ" ಅಂದರು. ನಗುತ್ತಾ ಸುಮ್ಮನಿದ್ದೆ. ಮನಸ್ಸಿನಲ್ಲಿ ಮಾತ್ರ, ಕಳೆದ ವರ್ಷ ಬಂದಿದ್ದರೆ ಶುದ್ಧ ಇಂಗ್ಲಿಷೂ ಕೇಳುತ್ತಿತ್ತು, ನೊಣ ಹಾರುವ ಸದ್ದೂ ಕೇಳುತ್ತಿತ್ತು ಅಂದುಕೊಂಡೆ.

ಎಲ್ಲ ಪಾಠಕ್ಕೂ ಇದು ಹೊಂದುವುದಿಲ್ಲ. ಎಂಟನೇ ಕ್ಲಾಸಿನ ಹದಿಹರೆಯದ ಪಾಠವನ್ನು ನಾನು ಕನ್ನಡದಲ್ಲೇ, ಹುಡುಗಿಯರನ್ನು ಹತ್ತಿರ ಕೂರಿಸಿಕೊಂಡು ಮಾಡುತ್ತೇನೆ. ಅಲ್ಲಿ ಇಂಗ್ಲಿಷ್ ಬಳಸಿದರೆ ಹೇಳುವ ನಮಗೆ ಆರಾಮ. ಮುಜುಗರದ ಮಾತೆಲ್ಲ ಇಂಗ್ಲಿಷಿನ ಸೆರಗಿನಲ್ಲಿ ಮುಚ್ಚಿಹೋಗುತ್ತದೆ. ಮಗು ಕೇಳಬೇಕಾದ ಪ್ರಶ್ನೆಯೂ ಅದರೊಳಗೇ ಉಳಿಯುತ್ತದೆ. ಇಂಗ್ಲಿಷ್ ಬಂತೆಂದು ಟಿಸಿ ಕೇಳುವವರು ಕಡಿಮೆಯಾದರೇ ಎಂದರೆ, ಇಲ್ಲ. ಹೋದ ಜೂನ್‌ನಲ್ಲೂ ಮೂವರು ಹೋದರು.

ಮುಂದಿನ ಪಾಠ ವಿದ್ಯುತ್ತಿನದು. ಅಪ್ಪ ಮೋಟಾರ್ ವೈಂಡಿಂಗ್ ಮಾಡುವ ಹುಡುಗಿಯೊಬ್ಬಳು ನಿನ್ನೆಯೇ ಸುಟ್ಟ ತಂತಿಯ ಸುರುಳಿಯೊಂದನ್ನು ಪೇಪರ್‌ನಲ್ಲಿ ಸುತ್ತಿ ತಂದು ಟೇಬಲ್ ಮೇಲಿಟ್ಟಳು. ಇದಕ್ಕೆ ಇಂಗ್ಲಿಷ್‌ನಲ್ಲಿ ಏನನ್ನುತ್ತಾರೆ ಎಂದು ನಾನು ಕೇಳುವ ಮೊದಲೇ, ಅಂಗಡಿಯಲ್ಲಿ ಅಪ್ಪ ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದಳು: "ಓವರ್‌ಲೋಡ್ ಆಗಿ ಕಾಯಿಲ್ ಬರ್ನ್ ಆಗೇತಿ ಮೇಡಂ."