‘ಇನ್ ಎ ಜಿಫಿ’ಗೆ ‘ಈಗ ಬಂದೆ’ ಸಾಕು

ಇಂಗ್ಲಿಷ್ ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವಾಗ ಮತ್ತೆ ಮತ್ತೆ ಎದುರಾಗುವ ಮೂರು ಮಾತುಗಳಿವೆ: ‘ಇನ್ ಎ ಜಿಫಿ’, ‘ಇನ್ ದ ಬ್ಲಿಂಕ್ ಆಫ್ ಆ್ಯನ್ ಐ’, ‘ಸ್ಪ್ಲಿಟ್ ಸೆಕೆಂಡ್’. ಮೂರಕ್ಕೂ ಮೊದಲು ಕೈಗೆ ಸಿಗುವುದು ‘ಕ್ಷಣಾರ್ಧದಲ್ಲಿ’. ಕಣ್ಣುಮುಚ್ಚಿ ಅದನ್ನೇ ಹಾಕುತ್ತ ಹೋದರೆ, ಅಡುಗೆಮನೆಯಲ್ಲಿ ಅಮ್ಮನಿಗೆ ಓಗೊಡುವ ಹುಡುಗಿಯೂ ವಾರ್ತೆ ಓದಿದ ಹಾಗೆ ಮಾತಾಡುತ್ತಾಳೆ. ಹಾಗಾಗಿ ಎಷ್ಟು ಹೊತ್ತು ಎಂಬುದನ್ನು ಬಿಟ್ಟು, ಆಡುವವರು ಆ ಮಾತಿನಿಂದ ಏನು ಮಾಡುತ್ತಿದ್ದಾರೆ ಎಂದು ಮೊದಲು ನೋಡುತ್ತೇನೆ. ಮಾತು ಕೊಡುತ್ತಿದ್ದಾರೋ, ಬೆರಗಾಗಿದ್ದಾರೋ, ನಿರ್ಧಾರದ ಬಗ್ಗೆ ಹೇಳುತ್ತಿದ್ದಾರೋ?

‘ಜಿಫಿ’ ಹೆಚ್ಚಾಗಿ ಮಾತು ಕೊಡುವಾಗ ಬರುತ್ತದೆ: ಬರ್ತೀನಿ, ತರ್ತೀನಿ, ಮುಗಿಸ್ತೀನಿ. 1780ರ ದಶಕದಿಂದಲೇ ಅಚ್ಚಿನಲ್ಲಿ ಸಿಗುವ ಪದವಾದರೂ ಇಂದಿಗೂ ಅದು ಸಲುಗೆಯ ಮಾತೇ. ಮೇಲಧಿಕಾರಿಗೆ ಬರೆಯುವ ಪತ್ರದಲ್ಲಿ, ಸಾವಿನ ಸುದ್ದಿಯಲ್ಲಿ ಅದು ಹೊಂದುವುದಿಲ್ಲ. ಕನ್ನಡದಲ್ಲಿ ಈ ಕೆಲಸಕ್ಕೆ ಬೇರೆ ಪದವೇ ಬೇಡ, ಭೂತಕಾಲ ಸಾಕು. ಇನ್ನೂ ಕುರ್ಚಿಯಿಂದ ಎದ್ದೇ ಇಲ್ಲದವನು ‘ಬಂದೆ!’ ಅನ್ನುತ್ತಾನೆ, ಮುಗಿದೇಹೋಯಿತು ಎಂಬ ಭರವಸೆ ಕ್ರಿಯಾಪದದಲ್ಲೇ ಇದೆ. ‘ಇಗೋ ಬಂದೆ’, ‘ಒಂದ್ನಿಮಿಷ, ಬಂದೆ’, ಧಾರವಾಡದ ಕಡೆಯವರ ಬಾಯಲ್ಲಾದರೆ ‘ಈಗ ಬಂದೆ ನೋಡ್ರಿ’.

ಜಾಗದ ಲೆಕ್ಕವೂ ಇದನ್ನೇ ಹೇಳುತ್ತದೆ. ‘ಐ ವಿಲ್ ಬಿ ಬ್ಯಾಕ್ ಇನ್ ಎ ಜಿಫಿ’ ಎಂದು ನಟ ಹೇಳಿ ಮುಗಿಸಲು ಸುಮಾರು ಒಂದೂಕಾಲು ಸೆಕೆಂಡ್, ಅಂದರೆ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಓಡುವ ವೇಗದಲ್ಲಿ 30 ಫ್ರೇಮ್. ನೋಡುಗರು ಓದಿ ಮುಗಿಸಲೆಂದು ನಾನು ಇಟ್ಟುಕೊಂಡಿರುವ ಮಿತಿ ಸೆಕೆಂಡಿಗೆ 15 ಚಿಹ್ನೆ, ಹಾಗಾಗಿ ಇಲ್ಲಿ ಸಿಗುವುದು 18. ‘ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತೇನೆ’ ಎಂದರೆ ಖಾಲಿ ಜಾಗವೂ ಸೇರಿ 33. ‘ಈಗ ಬಂದೆ’ ಬರೇ 7. ಕಣ್ಣಿಗೆ ಕಾಣುವ ಅಕ್ಷರ ಎಣಿಸಿ ಮೋಸ ಹೋಗಬಾರದು. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನಲ್ಲಿ ಸ್ವರಚಿಹ್ನೆ, ಹಲಂತ (ಒತ್ತಕ್ಷರ ಕೂಡಿಸುವ ‘್’ ಗುರುತು) ಎಲ್ಲವೂ ಬೇರೆಬೇರೆ ಎಣಿಕೆಗೆ ಬರುತ್ತವೆ. ‘ಕ್ಷಣಾರ್ಧದಲ್ಲಿ’ ನೋಡಲು ಐದೇ ಅಕ್ಷರ, ತಂತ್ರಾಂಶಕ್ಕೆ 13.

ಒಂದು ಎಚ್ಚರ. ಹೋಟೆಲಿನ ದೃಶ್ಯದಲ್ಲಿ ಮಾಣಿ ಹೇಳುವ ‘ಈಗ ತಂದೆ ಸಾರ್’ ಕಿವಿಗೆ ಸೊಗಸು. ಪರದೆಯ ಮೇಲೆ ಓದುವವರಿಗೆ ಅರೆಗಳಿಗೆ ಅಪ್ಪ ನೆನಪಾಗುತ್ತಾನೆ. ಅಲ್ಲಿ ‘ತಂದ್ಬಿಟ್ಟೆ ಸಾರ್’ ಮಾಡುತ್ತೇನೆ. ಇನ್ನು ಕಂಪ್ಯೂಟರ್ ಪಾಠದ ವಿಡಿಯೊದಲ್ಲಿ ‘ಜಿಫಿ’ ಬಂದರೆ ಕೈ ಹಚ್ಚಬೇಡಿ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲಿನಲ್ಲಿ ಅದು ಗಡಿಯಾರದ ಒಂದು ಮಿಡಿತ, ಹೊಂದಿಸಿದ ಹಾಗೆ 10, 4 ಅಥವಾ 1 ಮಿಲಿಸೆಕೆಂಡ್. ಅದು ‘ಜಿಫಿ’ ಆಗಿಯೇ ಉಳಿಯಬೇಕು.

ಹೆಚ್ಚು ಎಡವುವುದು ‘ಬ್ಲಿಂಕ್’ನಲ್ಲಿ. ಕಣ್ಣಿನ ಒಂದು ಮಿಟುಕಿಗೆ ಹೆಚ್ಚುಕಮ್ಮಿ 100ರಿಂದ 400 ಮಿಲಿಸೆಕೆಂಡ್, ಫಿಲ್ಮಿನಲ್ಲಿ ಎರಡು ಮೂರರಿಂದ ಒಂಬತ್ತು ಹತ್ತು ಫ್ರೇಮ್. ಆದರೆ ಈ ಮಾತನ್ನು ಆಡುವವರು ಗಡಿಯಾರ ಹಿಡಿದಿರುವುದಿಲ್ಲ. ಪರ್ಸು ಮಾಯವಾಯಿತು, ಬೆಂಕಿ ಹತ್ತಿಕೊಂಡಿತು ಎಂಬಲ್ಲಿ ‘ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ’ ಚೆನ್ನಾಗಿ ಕೂರುತ್ತದೆ. ‘ಕಣ್ಣು ಮಿಟುಕಿಸುವಷ್ಟರಲ್ಲಿ’ ಕೂಡ ಸರಿಯೇ, ಆದರೆ ಹುಡುಗ ಹುಡುಗಿ ಇರುವ ದೃಶ್ಯದಲ್ಲಿ ಅದು ಕಣ್ಣು ಹೊಡೆದ ಹಾಗೆ ಕೇಳಿಸಬಹುದು. ಹಳೆಯ ಕಾಲದ ಕಥೆಯಾದರೆ ‘ಎವೆಯಿಕ್ಕುವುದರೊಳಗೆ’. 1611ರ ಇಂಗ್ಲಿಷ್ ಬೈಬಲಿನ ‘ಟ್ವಿಂಕ್ಲಿಂಗ್ ಆಫ್ ಆ್ಯನ್ ಐ’ ಧಾಟಿಗೂ ಅದೇ ಒಪ್ಪುತ್ತದೆ.

ಅದೇ ನುಡಿಗಟ್ಟನ್ನು ತಾಯಿಯೊಬ್ಬಳು ಮಗಳ ಮದುವೆಮನೆಯಲ್ಲಿ ಆಡಿದಳೆನ್ನಿ: ಬ್ಲಿಂಕ್ ಆಫ್ ಆ್ಯನ್ ಐನಲ್ಲಿ ನೀನು ದೊಡ್ಡವಳಾದೆ. ಇಲ್ಲಿ ಇಪ್ಪತ್ತೈದು ವರ್ಷ ಕಳೆದಿದೆ, ಮಿಟುಕಿಸುವ ಕಣ್ಣು ಇಲ್ಲಿ ಸಲ್ಲದು. ‘ನೋಡ್ತಾ ನೋಡ್ತಾ ಎಷ್ಟು ದೊಡ್ಡವಳಾಗಿಬಿಟ್ಟೆ’ ಎಂದರೆ ಬೆರಗೂ ಬಂತು, ಸಂಕಟವೂ ಬಂತು. ಆ ‘ಬಿಟ್ಟೆ’ಯನ್ನು ಜಾಗ ಉಳಿಸಲೆಂದು ಕತ್ತರಿಸಬೇಡಿ, ಕೈಮೀರಿದ ಭಾವವನ್ನು ಹೊತ್ತಿರುವುದೇ ಅದು.

ತಮಾಷೆಯೆಂದರೆ ನಮ್ಮ ‘ನಿಮಿಷ’ವೂ ಮೂಲದಲ್ಲಿ ರೆಪ್ಪೆಯ ಬಡಿತವೇ. ರೆಪ್ಪೆ ಬಡಿಯದ ದೇವತೆಗಳು ಅನಿಮಿಷರಾದದ್ದು ಹಾಗೆ. ಅದು 60 ಸೆಕೆಂಡಿಗೆ ಹಿಗ್ಗಿದರೂ ‘ಒಂದ್ನಿಮಿಷ’ ಎನ್ನುವಾಗ ನಾವಿನ್ನೂ ಹಳೆಯ ಅಳತೆಯಲ್ಲೇ ಇದ್ದೇವೆ. ‘ಗಳಿಗೆ’ಗೆ ಲೆಕ್ಕದ ಪ್ರಕಾರ 24 ನಿಮಿಷ. ‘ಒಂದು ಗಳಿಗೆ ಕೂತು ಹೋಗಿ’ ಎನ್ನಲು ಅದು ಚೆಂದ, ಓಡಿಬರುವವನ ಬಾಯಿಗೆ ಹೊಂದುವುದಿಲ್ಲ.

‘ವಿತೌಟ್ ಬ್ಯಾಟಿಂಗ್ ಆ್ಯನ್ ಐಲಿಡ್’ ಅನ್ನು ಇದೇ ಗುಂಪಿಗೆ ಸೇರಿಸಿ ‘ಎವೆಯಿಕ್ಕದೆ’ ಎಂದು ಬರೆಯುವವರಿದ್ದಾರೆ. ಎವೆಯಿಕ್ಕದೆ ಎಂದರೆ ನೆಟ್ಟ ನೋಟ. ಇಂಗ್ಲಿಷಿನದು ಕಾಲದ ಮಾತೂ ಅಲ್ಲ, ನೋಟದ ಮಾತೂ ಅಲ್ಲ: ‘ಒಂಚೂರೂ ಅಳುಕದೆ ಸುಳ್ಳು ಹೇಳಿದ’.

‘ಸ್ಪ್ಲಿಟ್ ಸೆಕೆಂಡ್’ ನಂಟು ಗಡಿಯಾರದ ಜೊತೆ. 19ನೇ ಶತಮಾನದ ಸ್ಪ್ಲಿಟ್ ಸೆಕೆಂಡ್ ಗಡಿಯಾರಗಳಲ್ಲಿ ಸೆಕೆಂಡಿಗೆ ಎರಡು ಮುಳ್ಳು, ಒಂದನ್ನು ನಿಲ್ಲಿಸಿ ಅಳತೆ ಓದಿಕೊಳ್ಳುವಾಗಲೂ ಇನ್ನೊಂದು ಓಡುತ್ತಿರುತ್ತದೆ. ಅದಕ್ಕೇ ಇರಬೇಕು, ಈ ಮಾತು ಆಟ, ಅಪಘಾತ, ನಿರ್ಧಾರಗಳ ಸುತ್ತಲೇ ಸುಳಿಯುತ್ತದೆ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟ್ಸ್‌ಮನ್ ಬಳಿ ಬರಲು ಅರ್ಧ ಸೆಕೆಂಡಿನ ಆಸುಪಾಸು. ಕಾಮೆಂಟರಿಯಲ್ಲಿ ‘ಸ್ಪ್ಲಿಟ್ ಸೆಕೆಂಡ್ ಡಿಸಿಷನ್’ ಅಂದರೆ ‘ಥಟ್ಟನೆ ಮನಸ್ಸು ಮಾಡಿದ’ ಸಾಕು. ಆಮೇಲೆ ಪಶ್ಚಾತ್ತಾಪ ಪಡುವವನ ಬಾಯಲ್ಲಾದರೆ ‘ಆ ಹೊತ್ತಿಗೆ ತೋಚಿದ್ದು ಮಾಡಿದೆ’. ‘ಸೀಳಿದ ಸೆಕೆಂಡು’ ಎಂದು ಬರೆದ ಫೈಲನ್ನೂ ತಿದ್ದಿದ್ದೇನೆ.

ಕೆಲಸ ಮುಗಿದ ಮೇಲೆ ಇಡೀ ಫೈಲಿನಲ್ಲಿ ‘ಕ್ಷಣಾರ್ಧ’ ಹುಡುಕುತ್ತೇನೆ. ನಿರೂಪಕನ ದನಿಯಲ್ಲಿ, ಸುದ್ದಿವಾಚಕರ ದನಿಯಲ್ಲಿ ಇದ್ದರೆ ಇರಲಿ. ಉಳಿದ ಕಡೆ ಆ ಸಾಲನ್ನು ಜೋರಾಗಿ ಓದಿ, ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ ಯಾರಾದರೂ ಹೀಗೆ ಅಂದಾರೇ ಎಂದು ನೋಡುತ್ತೇನೆ. ಬಹುಪಾಲು ಸಲ ಅಲ್ಲಿ ಉಳಿಯುವುದು ‘ಬಂದೆ, ಇರು’.